ಹಿಂಡು ಇಳಿದ ಹೊತ್ತು

ಡಾಕ್ಟರ್ ಶಶಿಕುಮಾರ ಚೌಕಟ್ಟಿನ ಮೇಲಿನ ಕಾಗದ ಹರಿದು, ಹುಲಗೇಶನ ತಲೆಯ ಹತ್ತಿರವಿದ್ದ ದೀಪವನ್ನು ಮೊಣಕೈಯಿಂದ ಅತ್ತ ಸರಿಸಿ, ಫೋಟೊವನ್ನು ಅಲ್ಲಿ ನಿಲ್ಲಿಸಿದರು. ಒಂದು ಹೆಜ್ಜೆ ಹಿಂದೆ ಸರಿದು, ಸೊಟ್ಟಗಿದೆಯೇ ಎಂದು ನೋಡಿ, ಮತ್ತೆ ಬಗ್ಗಿ ನೆಟ್ಟಗೆ ಮಾಡಿದರು. ಗಂಡನ ಕಾಲ ಬಳಿ ಕೂತಿದ್ದ ಕರುಣಾಳಿಗೆ ಮೈಯೆಲ್ಲ ಉರಿದುಹೋಯಿತು. ಹೆಣದ ಮುಂದೆಯೂ ಈ ಮನುಷ್ಯನಿಗೆ ಫೋಟೊದ್ದೇ ಚಿಂತೆ!

"ನಿನ್ನಿ ಮಾಗಡಿ ಕೆರ್ಯಾಗ ತಗದದ್ದು, ತಂಗಿ," ಎಂದರು ಡಾಕ್ಟರು. "ಹುಲಗೇಶ ನಮಗ ತೋರಿಸಿದ ಕಡೀ ಹಕ್ಕಿ. ಅವನ ನೆನಪಿಗೆ ಇರಲಿ ಅಂತ ನಿನ್ನಿ ಸಂಜಿಕನ ಪ್ರಿಂಟ್ ಹಾಕಿಸೇನಿ."

ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು, ನೂರಾರು, ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತಿದ್ದವು. ಚಿತ್ರ ಚೆಂದವಿತ್ತು. ಚೆಂದವಿದ್ದದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಲಕಮನಹಳ್ಳಿಯ ಓಣಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಬಂದವರಿಗೆಲ್ಲ ಡಾಕ್ಟರು ಅದೇ ಕತೆ ಹೇಳಿದರು. "ಆರೂವರಿಗೆ ಎದಿ ನೋವು ಅಂದ. ಅಂದ ಕೂಡಲೇ ಕ್ಯಾಮೆರಾ ಚೀಲಕ್ಕ ಹಾಕಿ ಹೊಂಟ್ವಿ. ಗಾಡಿ ನಾನ ಹೊಡದೆ. ದವಾಖಾನಿ ಬಾಗಲದಾಗ ಜೀವ ಹೋತು."

"ಪುಣ್ಯಾತ್ಮ ಬಿಡ್ರಿ," ಎಂದು ಯಾರೋ ಲೊಚಗುಟ್ಟಿದರು. "ಕಡೀ ಗಳಿಗ್ಯಾಗ ಡಾಕ್ಟರ ಬಾಜೂಕ ಇದ್ರು."

*

ಇಪ್ಪತ್ತೆರಡು ವರ್ಷ ಹುಲಗೇಶ ಹಕ್ಕಿ ಫೋಟೊದವರ ಗಾಡಿ ಓಡಿಸಿದ್ದ. ದಾಂಡೇಲಿ, ರಾಣೆಬೆನ್ನೂರು, ಮಾಗಡಿ ಕೆರೆ. ಸ್ಟಿಯರಿಂಗ್ ಬಿಡದೆಯೇ "ಎಡಕ್ಕ, ಮತ್ತಿ ಗಿಡ, ಎರಡನೇ ಟೊಂಗಿ" ಅನ್ನುವನು. ಹಿಂದಿನ ಸೀಟಿನವರು ಕ್ಯಾಮೆರಾ ಎತ್ತುವರು. ಬಹುಮಾನ ಅವರಿಗೆ, ಗಾಡಿ ತೊಳೆಯುವ ಕೆಲಸ ಇವನಿಗೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ ಎಂದು ಕರುಣಾ ಎಷ್ಟು ಸಲ ಅಂದರೂ ಅವನು ನಕ್ಕು ಸುಮ್ಮನಾಗುತ್ತಿದ್ದ.

ಆ ಗುಂಪಿನಲ್ಲಿದ್ದ, ಕಾಲೇಜಿನಲ್ಲಿ ಕಲಿಸುವ ಸುಮಲತಾ ಮೇಡಂ ತಮ್ಮ ಹಳೆಯ ಕ್ಯಾಮೆರಾ ಕೊಟ್ಟ ಮೇಲೆ ಅವನೂ ಫೋಟೊ ತೆಗೆಯತೊಡಗಿದ. ಒಮ್ಮೆ ಖಾಲಿ ಗಾಡಿಯಲ್ಲಿ ಕರುಣಾಳನ್ನು ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೋಗಿ ಚಿಗರಿ ತೋರಿಸಿದ. ಎಂಜಿನ್ ಬಂದ್ ಮಾಡಿ, ಮುಕ್ಕಾಲು ತಾಸು ಅಲ್ಲಾಡದೆ ಕೂತು, ಗಂಡು ಚಿಗರಿಯೊಂದು ಜಿಗಿದದ್ದನ್ನು ಕ್ಯಾಮೆರಾದಲ್ಲಿ ಹಿಡಿದ. ಮನೆಗೆ ಬಂದವನೇ ಪ್ರಿಂಟಿನ ಕೆಳಗೆ ಊರು, ತಾರೀಖು, ಗಂಟೆ, ನಿಮಿಷ ಬರೆದ.

"ಏನ್ರೀ, ಚಿಗರಿ ಜಾತಕ ಬರ್ಯಾಕತ್ತೀರೇನು?"

"ನಗಬ್ಯಾಡ. ನಮ್ಮ ಮಂದ್ಯಾಗ ಇದು ನೇಮ. ಹೊತ್ತು ಕ್ಯಾಮೆರಾನ ಹೇಳತೈತಿ, ನಾವು ಇದ್ದದ್ದು ಇದ್ದಂಗ ಬರೀಬೇಕು."

ನಮ್ಮ ಮಂದಿ ಅಂದಿದ್ದ, ಪಾಪ. ಆ ಮಂದಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಇವನು ಗಾಡಿಯಲ್ಲೇ ಡಬ್ಬಿ ಬಿಚ್ಚುತ್ತಿದ್ದ.

*

ನಿನ್ನೆ ಬೆಳಿಗ್ಗೆ ಆರು ಮೂವತ್ತನಾಲ್ಕಕ್ಕೆ ಅವನ ಫೋನು ಬಂದಿತ್ತು. "ಎದಿ ಬಿಗದಂಗ ಆಗೇತಿ. ಡಾಕ್ಟರ್ ಗ್ಯಾಸ್ ಅಂತ ಗುಳಿಗಿ ಕೊಟ್ಟಾರ. ಹಿಂಡು ಇಳೀಲಿ, ಹೋಗೂಣು ಅಂದಾರ."

"ಆ ಹಿಂಡಿಗೆ ಬೆಂಕಿ ಹತ್ತಲಿ, ಈಗ ಹೊಂಡ್ರಿ!" ಎಂದು ಅವಳು ಕೂಗುವುದರೊಳಗೆ ಫೋನು ಕಟ್ಟಾಗಿತ್ತು. ಆಮೇಲೆ ಡಾಕ್ಟರು ಕೂಡಲೇ ಹೊರಟೆವು ಅಂದಾಗ ಅವಳು ನಂಬಿದ್ದಳು. ಎಲ್ಲ ಮಾಡಿಯೂ ಉಳಿಯಲಿಲ್ಲವಲ್ಲ ಎಂಬ ಒಂದು ಸಮಾಧಾನ ಹಿಡಿದು ರಾತ್ರಿ ಕಳೆದಿದ್ದಳು.

ಈಗ ದೀಪವನ್ನು ಮೊದಲಿನ ಜಾಗಕ್ಕೆ ಇಡಲು ಎದ್ದವಳ ಕಣ್ಣು ಫೋಟೊದ ಕೆಳಗಿನ ಸಣ್ಣಕ್ಷರಕ್ಕೆ ಬಿತ್ತು. ಪಟ್ಟೆತಲೆ ಹೆಬ್ಬಾತು. ಮಾಗಡಿ ಕೆರೆ. 18 ಜನವರಿ, ಬೆಳಿಗ್ಗೆ 7.52.

ಎರಡು ಸಲ ಓದಿದಳು.

"ಡಾಕ್ಟರ್ ಸಾಹೇಬ್ರ, ಈ ಹೊತ್ತು ಖರೇನೇನ್ರಿ?"

"ಖರೇನ ತಂಗಿ, ಕ್ಯಾಮೆರಾದ ಹೊತ್ತದು," ಎಂದರು ಡಾಕ್ಟರು, ರೂಢಿಯ ಹೆಮ್ಮೆಯಲ್ಲಿ. ಅಂದ ಮೇಲೆ ಅವರ ಮುಖ ಬಿಳುಚಿತು.

"ಆರೂವರಿಗೆ ಹೊಂಟೋರು ಏಳು ಐವತ್ತೆರಡಕ್ಕ ಕೆರಿ ದಂಡ್ಯಾಗ ಹೆಂಗ ಇದ್ರಿ?"

ಹುಲಗೇಶನ ತಮ್ಮ ಯಲ್ಲೇಶ ಓಡಿಬಂದ. "ವೈನಿ, ಹೆಣದ ಮುಂದ ಬ್ಯಾಡ್ರಿ. ದೊಡ್ಡ ಮಂದಿ ಅವ್ರು."

"ಎಲ್ಲೀ ದೊಡ್ಡ ಮಂದಿ? ನಿಮ್ಮಣ್ಣ ಗಾಡ್ಯಾಗ ಬೆವತು ಸಾಯಾಕತ್ತಿದ್ದ, ಯಲ್ಲೇಶ. ಇವ್ರು ಹಕ್ಕಿ ಬರೂ ದಾರಿ ಕಾಯಾಕತ್ತಿದ್ರು!"

"ಅವನ ಅಂದ, ತಂಗಿ," ಡಾಕ್ಟರು ತೊದಲಿದರು. "ನೀವು ಫೋಟೊ ತಗೋರಿ ಸಾಹೇಬ್ರ, ನಾ ಕುಂದರ್ತೇನಿ ಅಂದ."

"ಅಂದಿರ್ತಾನ. ಇಪ್ಪತ್ತೆರಡು ವರ್ಷ ಅದನ್ನ ಅಂದಾನ. ಡಾಕ್ಟರ್ಕಿ ಕಲಿತೋರು ನೀವೋ, ಅವನೋ?" ಅವಳು ಫೋಟೊದ ಕೆಳಗಿನ ಅಕ್ಷರಕ್ಕೆ ಬೆರಳಿಟ್ಟಳು. "ಇದರ ಕೆಳಗ ಇನ್ನೊಂದು ಸಾಲು ಬರೀರಿ. ಅವ ನೋವು ಅಂದದ್ದು ಎಷ್ಟಕ್ಕ, ನೀವು ಹೊಂಟದ್ದು ಎಷ್ಟಕ್ಕ. ನಿಮ್ಮ ಮಂದ್ಯಾಗ ನೇಮ ಐತೆಲ್ಲ, ಬರೀರಿ!"

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಹೆಣಕ್ಕೆ ಕೈಮುಗಿದಂತೆ ಮಾಡಿ, ಯಾರ ಮುಖವನ್ನೂ ನೋಡದೆ ತಮ್ಮ ಗಾಡಿಯ ಕಡೆ ನಡೆದರು.

ಬೆಳಗಿನಿಂದ ಗೋಡೆಗೆ ಆತು ನಿಂತಿದ್ದ ಸುಮಲತಾ ಮೇಡಂ ಚೀಲದಿಂದ ಮಾರ್ಕರ್ ಪೆನ್ನು ತೆಗೆದರು. "ನಾನೂ ಅಲ್ಲೇ ಇದ್ದೆ, ಕರುಣಾ. ನಾನೂ ಕ್ಯಾಮೆರಾ ಕೆಳಗ ಇಳಿಸಲಿಲ್ಲ." ಮೊಣಕಾಲೂರಿ, ಹೆಬ್ಬಾತುಗಳ ಕೆಳಗೆ ಬಿಟ್ಟಿದ್ದ ಬಿಳಿ ಜಾಗದಲ್ಲಿ ಪಾಠದ ಹಲಗೆಯ ಮೇಲೆ ಬರೆಯುವಷ್ಟು ದಪ್ಪಕ್ಕೆ ಬರೆದರು. ಹುಲಗೇಶ ಎದೆನೋವು ಎಂದದ್ದು 6.30. ನಾವು ಹೊರಟದ್ದು 8.10. ಕೆಳಗೆ ಎರಡು ಹೆಸರು: ಸುಮಲತಾ, ಶಶಿಕುಮಾರ.

ಕರುಣಾ ಮೇಡಂಗೆ ಒಳ್ಳೆಯ ಮಾತನ್ನೇನೂ ಆಡಲಿಲ್ಲ. ಕ್ಷಮಿಸುವ ಮನಸ್ಸು ಅವಳಿಗಿರಲಿಲ್ಲ.

ಡಾಕ್ಟರರ ಗಾಡಿ ಹೊರಡುವಂತಿರಲಿಲ್ಲ. ಹಿಂದೆ ಹೆಣ ಒಯ್ಯುವ ಗಾಡಿ ಬಂದು ನಿಂತಿತ್ತು. ಬುದ್ಧವಂದನೆ ಹೇಳುವ ಹಿರಿಯರು ಬರುವುದು ಹನ್ನೊಂದಕ್ಕೆ, ಅಲ್ಲಿಯವರೆಗೆ ಹೆಣ ಏಳುವುದಿಲ್ಲ. ಡಾಕ್ಟರು ಒಳಗೆ ಕೂತು ಗಾಜು ಏರಿಸಿಕೊಂಡರು.

ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದರು. ಕಾಲಿಗೆ ಹೂವು ಹಾಕಿದರು, ತಲೆಯ ಕಡೆ ಹೋಗಿ ಬಗ್ಗಿ ಓದಿದರು, ನೆಟ್ಟಗಾಗಿ ಡಾಕ್ಟರರ ಗಾಡಿಯ ಕಡೆ ತಿರುಗಿದರು. ಎದುರು ಮನೆಯ ಸಾವಕ್ಕನಿಗೆ ಓದಲು ಬರುತ್ತಿರಲಿಲ್ಲ. "ಏನ್ ಬರದಾರ, ಹೇಳ್ರಿ," ಎಂದಳು. ಯಲ್ಲೇಶ ತಲೆ ತಗ್ಗಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿದ.

ಸಾವಕ್ಕ ಕೋಲೂರುತ್ತ ಗಾಡಿಯ ತನಕ ಹೋದಳು. ಕೋಲು ಬಾಗಿಲಿಗೆ ಆನಿಸಿ, ಮುಚ್ಚಿದ ಗಾಜಿಗೆ ಹಣೆ ಹಚ್ಚಿ, ಬಿಸಿಲು ತಾಗದಂತೆ ಎರಡೂ ಕೈ ಕಣ್ಣಿಗೆ ಮರೆ ಮಾಡಿಕೊಂಡು, ಒಳಗೆ ಕೂತವರನ್ನು ನೋಡುತ್ತ ನಿಂತಳು.