ಬಲಕ್ಕೆ ಏಳುವ ಬೆಳಕು

ಊರಿನಿಂದ ಹೊಳೆಯ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಬೇವಿನ ಮರಗಳಿದ್ದವು. ಅವುಗಳ ಬುಡಕ್ಕೆ ವರ್ಷಕ್ಕೊಮ್ಮೆ ಸುಣ್ಣ ಬಳಿದು, ಸುಣ್ಣದ ನಡುವೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ಸಂಜೆ ಗಾಡಿಯ ಬೆಳಕು ಬಿದ್ದಾಗ ಆ ಪಟ್ಟೆಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಗಾಡಿ ದಾಟಿದೊಡನೆ ಒಂದೊಂದಾಗಿ ಕತ್ತಲೆಗೆ ಸರಿಯುತ್ತಿದ್ದವು. ಡ್ರೈವರುಗಳಿಗೆ ರಸ್ತೆಯ ಅಂಚು ಎಂದರೆ ಆ ಪಟ್ಟೆಗಳೇ. ನನ್ನ ಅಪ್ಪ ಫಕ್ಕೀರಪ್ಪ ಅವನ್ನು ನಂಬಿ ಬಹಳ ವರ್ಷ ಬಸ್ಸು ಓಡಿಸಿದ. ಒಂದು ಸಂಜೆ ಅವು ಅವನಿಗೆ ಕಾಣಲಿಲ್ಲ.

ಎದುರಿಗೆ ಬಂದದ್ದು ಇನಾಮದಾರರ ಕಾರು. ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕ ಭಾವೂಸಾಹೇಬ ಇನಾಮದಾರರು ಅದನ್ನು ಹೊರದೇಶದಿಂದ ಹಡಗಿನಲ್ಲಿ ತರಿಸಿದ್ದರು. ಹಳೆಯ ಕಾಲದ ಓಟದ ಕಾರು. ಮೊಣಕಾಲಿನೆತ್ತರ ಎಂದು ಜನ ತಮಾಷೆ ಮಾಡುತ್ತಿದ್ದರು. ಸ್ಟೇರಿಂಗು ಎಡಕ್ಕಿತ್ತು. ಆ ಕಾರಿನ ಬೆಳಕಿಗೆ ಅಪ್ಪನ ಕಣ್ಣು ಕತ್ತಲೆಗಟ್ಟಿ ಬಸ್ಸು ಗಟಾರಕ್ಕೆ ಇಳಿಯಿತು. ಯಾರೂ ಸಾಯಲಿಲ್ಲ. ಕಂಡಕ್ಟರನ ಭುಜದ ಎಲುಬು ಮುರಿಯಿತು, ಹಲವರಿಗೆ ಹಣೆ ಒಡೆಯಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಅದು ನಿಲ್ಲಲೂ ಇಲ್ಲ.

ಡಿಪೋದಲ್ಲಿ ವಿಚಾರಣೆ ನಡೆಯಿತು. ನಾನು ಹಾಸ್ಟೆಲಿನಿಂದ ಬಂದು ಬಾಗಿಲ ಬಳಿ ನಿಂತಿದ್ದೆ.

"ನಾ ಲೈಟ್ ತಗ್ಗಿಸಿ ಡಿಪ್ ಮಾಡಿದೆ," ಎಂದ ಅಪ್ಪ. "ಅವರು ಸಮೀಪ ಬಂದು ಫುಲ್ ಹಾಕಿದ್ರು. ಕಣ್ಣಾಗ ಸುಣ್ಣ ಉಗ್ಗಿದಂಗಾತ್ರಿ."

"ನಾನೂ ಡಿಪ್ ಮಾಡೀನಿ," ಎಂದರು ಇನಾಮದಾರರು. "ದೇವರಾಣಿ ಮಾಡಿ ಹೇಳ್ತೀನಿ. ಬಾಜೂಕ ಡಾಕ್ಟರ್ ಕೂತಿದ್ರು, ಅವರನ್ನ ಕೇಳ್ರಿ."

ಡಾಕ್ಟರು ಹೌದೆಂದರು. ಇನಾಮದಾರರ ಬೆರಳು ಸ್ವಿಚ್ಚು ಒತ್ತಿದ್ದನ್ನು ಕಣ್ಣಾರೆ ಕಂಡಿದ್ದರಂತೆ.

"ಇಬ್ಬರೊಳಗ ಒಬ್ಬರು ಸುಳ್ಳು ಹೇಳಾಕತ್ತೀರಿ," ಎಂದು ವಿಚಾರಣಾಧಿಕಾರಿ ಅಪ್ಪನ ಮುಖವನ್ನಷ್ಟೇ ನೋಡಿದ. ಅಪ್ಪನನ್ನು ಸಸ್ಪೆಂಡ್ ಮಾಡಿದ್ದರು. ಸುಳ್ಳುಗಾರನೆಂದು ತೀರ್ಮಾನವಾದರೆ ಮತ್ತೆ ಸ್ಟೇರಿಂಗು ಮುಟ್ಟುವ ಹಾಗಿರಲಿಲ್ಲ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ.

ಕಾರನ್ನು ಪರೀಕ್ಷಿಸಬೇಕೆಂದಾಯಿತು. ಪರೀಕ್ಷೆ ನಡೆದದ್ದು ಮಟಮಟ ಮಧ್ಯಾಹ್ನ, ಡಿಪೋದ ಅಂಗಳದಲ್ಲಿ. ಅಧಿಕಾರಿ ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದು ಒಳಗೆ ಕುಳಿತ. ಎದುರಿಗೆ ಏನೂ ಇರಲಿಲ್ಲ.

"ಸ್ಟೇರಿಂಗ್ ಎಲ್ಲೈತ್ರಿ?"

ವರ್ಕ್‌ಶಾಪಿನವರು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಇಳಿದು ಸುತ್ತಿ ಬಂದು ಎಡಕ್ಕೆ ಕುಳಿತ. ಮುಂದೆ ಒಂದೇ ನಮೂನೆಯ ಸ್ವಿಚ್ಚುಗಳ ಸಾಲಿತ್ತು; ಯಾವುದರ ಮೇಲೂ ಒಂದಕ್ಷರವಿಲ್ಲ, ಒಂದು ಗುರುತಿಲ್ಲ. ಒಂದನ್ನು ಒತ್ತಿದ, ವೈಪರು ಒಣಗಾಜನ್ನು ಕೆರೆಯತೊಡಗಿತು. ಇನ್ನೊಂದನ್ನು ಒತ್ತಿದ, ಹಾರ್ನು ಬಾತುಕೋಳಿಯಂತೆ ಕೂಗಿತು.

"ಇದು ನಿಮ್ಮ ಜೀಪ್ ಅಲ್ಲ ಸಾಹೇಬ್ರ," ಎಂದು ಇನಾಮದಾರರು ನಕ್ಕರು. "ಕೈಗೆ ಒಗ್ಗಬೇಕಾಗ್ತದ." ತಾವೇ ಬಾಗಿ ಒಂದು ಸ್ವಿಚ್ಚು ಒತ್ತಿದರು, ಅದರ ಪಕ್ಕದ್ದನ್ನು ಒತ್ತಿದರು. ಅಧಿಕಾರಿ ಇಳಿದು ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಬಿಸಿಲು ಮರೆಮಾಡಿ ನೋಡಿದ. "ಹಾಂ. ಡಿಮ್ ಆತು. ಸರಿ ಐತಿ."

"ಸರ್, ಇಂಥ ಬಿಸಲಾಗ ಬೆಳಕು ಎಲ್ಲಿ ಬೀಳ್ತೈತಿ ಅಂತ ಹೆಂಗ ಗೊತ್ತಾಗ್ತೈತ್ರಿ?" ಎಂದು ಕೇಳಿದೆ.

"ನೀ ಯಾರಪಾ?"

"ಇವರ ಮಗ."

"ಓದಾಕ ಹೋಗು."

"ಸಂಜಿಗೆ ಒಮ್ಮೆ ನೋಡ್ರಿ."

"ಸಂಜಿಗೆ ಕಚೇರಿ ಮುಚ್ಚತೈತಿ," ಎಂದ. ಅದನ್ನು ಅವನು ತಮಾಷೆಗೆ ಹೇಳಲಿಲ್ಲ. ಆ ಊರಿನಲ್ಲಿ ಗಾಡಿಗಳ ದೀಪಗಳನ್ನು ಯಾವಾಗಲೂ ಹಗಲಿನಲ್ಲೇ ಪರೀಕ್ಷಿಸುತ್ತಿದ್ದರು. ಕತ್ತಲೆ ಕಚೇರಿಯ ವೇಳೆಯಲ್ಲಿರಲಿಲ್ಲ, ಅಷ್ಟೆ.

ಸಿಟ್ಟು ತಲೆಗೇರಿತ್ತು. ಅಂದು ಸಂಜೆಯೇ ಬೇವಿನ ಮರಗಳ ಬಳಿ ಹೋಗಿ ನಿಂತೆ. ಇನಾಮದಾರರು ದಿನವೂ ಆ ಹೊತ್ತಿಗೆ ಕ್ಲಬ್ಬಿಗೆ ಹೋಗುತ್ತಿದ್ದರು. ದೂರದಿಂದ ಕಾರು ಬಂತು. ನಾನು ಅದಕ್ಕೆ ಬೆನ್ನು ಮಾಡಿ, ಅದರ ಬೆಳಕು ಎಲ್ಲೆಲ್ಲಿ ಬೀಳುತ್ತದೆಂದು ನೋಡಿದೆ. ಎರಡೂ ಬದಿಯ ಪಟ್ಟೆಗಳು ಎದ್ದು ನಿಂತವು. ಎದುರಿನಿಂದ ಲಾರಿಯೊಂದು ಬಂತು, ಕಾರು ಡಿಪ್ ಮಾಡಿತು. ಎಡಗಡೆಯ ಪಟ್ಟೆಗಳು ಮುಳುಗಿದವು. ಬಲಗಡೆಯವು ಮುಳುಗಲಿಲ್ಲ. ಅಲ್ಲಿ ಬೆಳಕು ಪಟ್ಟೆ ದಾಟಿ, ಕಾಂಡ ದಾಟಿ, ಕೊಂಬೆಯವರೆಗೂ ಏರಿತು. ಲಾರಿಯವನು ಬರುತ್ತಿದ್ದದ್ದೂ ಕಾರಿನ ಆ ಬಲಬದಿಗೇ; ಅವನು ಬ್ರೇಕ್ ಹಾಕಿ ಬೈದದ್ದು ನನಗೆ ಕೇಳಿಸಿತು.

ಆಗ ತಿಳಿಯಿತು. ಅಪ್ಪ ಸುಳ್ಳು ಹೇಳಿರಲಿಲ್ಲ. ಇನಾಮದಾರರೂ ಸುಳ್ಳು ಹೇಳಿರಲಿಲ್ಲ. ಸ್ವಿಚ್ಚು ಒತ್ತಿದ್ದು ನಿಜ, ಒತ್ತಿದ್ದರಿಂದಲೇ ಅಪ್ಪನ ಕಣ್ಣು ಕತ್ತಲೆಗಟ್ಟಿದ್ದೂ ನಿಜ.

ಮರುದಿನ ಇನಾಮದಾರರ ಮನೆಗೇ ಹೋದೆ.

"ನಿಮ್ಮಪ್ಪ ನನ್ನ ಸುಳ್ಳುಗಾರ ಅಂತ ಊರ ತುಂಬ ಸಾರಿಕೋತ ಅಡ್ಡಾಡಾಕತ್ತಾನಂತಲ್ಲ," ಎಂದರು.

"ಹಂಗಾರ ಕತ್ತಲ್ಯಾಗ ತೋರಸ್ರಿ. ನಿಮ್ಮ ಹತ್ತಿ ಗೋದಾಮಿನ ಬಾಗಲಾ ಹಾಕಿದ್ರ ಹಗಲೂ ಕತ್ತಲೀನ."

"ಕರಕೊಂಡು ಬಾ ನಿಮ್ಮ ಸಾಹೇಬನ್ನ. ನನಗೇನು ಅಂಜಿಕಿ?"

ಗೋದಾಮಿನಲ್ಲಿ ಹತ್ತಿಯ ಅಂಡಿಗೆಗಳನ್ನು ಗೋಡೆಯಂತೆ ಒಟ್ಟಿದ್ದರು. ಕಚೇರಿಯ ವೇಳೆಯಲ್ಲೇ ಆದ್ದರಿಂದ ಅಧಿಕಾರಿ ಬಂದ, ಅಪ್ಪನೂ ಬಂದ. ಕಾರು ಒಳಗೆ ಬಂತು, ಬಾಗಿಲು ಮುಚ್ಚಿತು. ಇನಾಮದಾರರು ಸ್ವಿಚ್ಚು ಒತ್ತಿದರು. ಬಿಳಿಯ ಅಂಡಿಗೆಗಳ ಮೇಲೆ ಬೆಳಕು ಎಡಕ್ಕೆ ತಗ್ಗಿತು, ಬಲಕ್ಕೆ ಓರೆಯಾಗಿ ಮೇಲೇರಿತು. ಕಣ್ಣಿದ್ದವರಿಗೆಲ್ಲ ಕಂಡಿತು. ಅಧಿಕಾರಿ ಕೆಮ್ಮಿದ.

"ಅದು ಹಂಗ ಇರೋದು," ಎಂದರು ಇನಾಮದಾರರು, ಶಾಂತವಾಗಿ. "ಆ ದೇಶದಾಗ ಬಲಕ್ಕ ಗಾಡಿ ಹೊಡೀತಾರ. ಬಲಗಡೆ ಅಂಚು ಕಾಣಲಿ ಅಂತ ಅಲ್ಲಿ ಕಾಯ್ದೇನ ಹಂಗದ. ಎಡಕ್ಕ ಹೊಡಿಯೋ ದೇಶಕ್ಕ ಬಂದ್ರ ಗಾಜು ಬದಲು ಮಾಡ್ರಿ, ಇಲ್ಲಾ ಒಂದು ಮೂಲಿಗೆ ಕರೀ ಪಟ್ಟಿ ಹಚ್ರಿ ಅಂತ ಮಾರಿದವರು ಹೇಳಿದ್ರು."

"ಮತ್ತ ಹಚ್ಚಲಿಲ್ಲ?" ಎಂದು ಅಪ್ಪ ಕೇಳಿದ. ಅವನ ಧ್ವನಿಯಲ್ಲಿ ಬರೀ ಆಶ್ಚರ್ಯವಿತ್ತು.

"ಅಸಲಿ ಗಾಜೋ ಫಕ್ಕೀರಪ್ಪ. ಪಟ್ಟಿ ಹಚ್ಚಿದ್ರ ಕಾರಿನ ಮಾರಿ ಅಂದ ಕೆಡತದ." ಹಾಗೆಂದು ಅವರು ಇಳಿದು ಕಾರಿನ ಮುಂದೆ ಬಲಗಡೆಗೆ ಬಂದು ಕೂತು, ಕರವಸ್ತ್ರದಿಂದ ಗಾಜಿನ ಧೂಳು ಒರೆಸತೊಡಗಿದರು. ಒರೆಸುವ ಮೊದಲು ದೀಪ ಆರಿಸಿದ್ದರು.

ನನಗೆ ತಡೆಯಲಾಗಲಿಲ್ಲ. ಕಾರಿನೊಳಗೆ ಕುಳಿತೆ. ವೈಪರು ಕೆರೆಯಿತು, ಹಾರ್ನು ಕೂಗಿತು, ಮೂರನೆಯದಕ್ಕೆ ದೀಪ ಹತ್ತಿತು, ಅದರ ಪಕ್ಕದ್ದನ್ನೂ ಒತ್ತಿದೆ. ಇನಾಮದಾರರು ಎದ್ದು ಹಿಂದೆ ಸರಿದರು, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಅಂಡಿಗೆಗೆ ಬೆನ್ನು ಬಡಿಸಿಕೊಂಡರು.

"ಡಿಪ್ ಮಾಡಲೇ! ಕಣ್ಣ ಕಾಣವಲ್ದು."

"ಮಾಡೀನ್ರಿ," ಎಂದೆ. "ಇದ ಡಿಪ್ಪು."

ಅಪ್ಪ ಬಂದು ನನ್ನ ರಟ್ಟೆ ಹಿಡಿದು ಇಳಿಸಿದ. ಎಲ್ಲರ ಮುಂದೆ ಬೈದ. ಇನಾಮದಾರರ ಕ್ಷಮೆ ಕೇಳೆಂದ. ನಾನು ಕೇಳಲಿಲ್ಲ.

ವಾರದೊಳಗೆ ತೀರ್ಪು ಬಂತು. ಇನಾಮದಾರರು ಡಿಪ್ ಮಾಡಿದ್ದರು, ಆದ್ದರಿಂದ ಅವರದು ತಪ್ಪಿಲ್ಲ. ಫಕ್ಕೀರಪ್ಪ ಸುಳ್ಳು ಹೇಳಿಲ್ಲ, ಆದರೆ ತಪ್ಪು ಅವನದೇ. ಎದುರು ಬೆಳಕಿಗೆ ಕಣ್ಣು ಕಾಣದಾದಾಗ ಚಾಲಕನು ವಾಹನವನ್ನು ಇದ್ದಲ್ಲಿಯೇ ನಿಲ್ಲಿಸತಕ್ಕದ್ದು, ಅವನು ನಿಲ್ಲಿಸಲಿಲ್ಲ. ಅಪ್ಪನನ್ನು ಡಿಪೋದ ಗೇಟು ತೆಗೆದು ಮುಚ್ಚುವ ಕೆಲಸಕ್ಕೆ ಹಾಕಿದರು. ಅವನು ಗೇಟು ತೆಗೆದ, ಬೇರೆಯವರು ಬಸ್ಸು ಹೊರಡಿಸಿದರು. ಕಾರಿಗೆ ಪಟ್ಟಿ ಹಚ್ಚಿರೆಂದು ಯಾರೂ ಹೇಳಲಿಲ್ಲ. ಹಾಗೆ ಹೇಳುವ ನಿಯಮ ನಮ್ಮಲ್ಲಿಲ್ಲವಂತೆ.

ಡ್ರೈವರುಗಳು ಗೇಟಿನ ಬಳಿ ಬಸ್ಸು ನಿಲ್ಲಿಸಿ ಅಪ್ಪನಿಂದ ತೀರ್ಪಿನ ಮಾತುಗಳನ್ನು ಮತ್ತೆಮತ್ತೆ ಹೇಳಿಸಿಕೊಂಡರು. "ಇದ್ದಲ್ಲೇ ನಿಲ್ಲಸತಕ್ಕದ್ದು ಅಂತ ಅಂದ್ರೇನು?" ಎಂದು ಮೈಬೂಬಸಾಬ ಒತ್ತಿ ಕೇಳಿದ. ಅಪ್ಪನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು ಅವನು. "ಇದ್ದಲ್ಲೇ," ಎಂದ ಅಪ್ಪ.

ಕೆಲವು ದಿನಗಳ ನಂತರ ನಾನೂ ಅಪ್ಪನೂ ಮೈಬೂಬಸಾಬನ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದೆವು. ಆಗಷ್ಟೇ ಕತ್ತಲಾಗಿತ್ತು. ಹೊಳೆಯ ಸೇತುವೆ ಕಿರಿದು, ಪಕ್ಕಕ್ಕೆ ಕಟ್ಟೆಯಿರಲಿಲ್ಲ. ನಡುವೆ ಬಂದಾಗ ಎದುರಿಗೆ ಆ ಕಾರು ಕಾಣಿಸಿತು. ಡಿಪ್ ಮಾಡಿತು. ಮೈಬೂಬಸಾಬ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ದೀಪಗಳನ್ನೂ ಆರಿಸಿ, ಕೈ ಕಟ್ಟಿ ಕುಳಿತ. ಹಿಂದೆ ಬರುತ್ತಿದ್ದ ಬಸ್ಸೂ ನಿಂತು ಕತ್ತಲಾಯಿತು. ಅದರ ಹಿಂದಿನದೂ.

ಹಾರ್ನು ಬಹಳ ಹೊತ್ತು ಕೂಗಿತು. ಕೊನೆಗೆ ಇನಾಮದಾರರು ಕಿಟಕಿಯಿಂದ ತಲೆ ಹೊರಹಾಕಿದರು. "ಡಿಪ್ ಮಾಡೀನಲ್ಲೋ!"

"ಮಾಡೀರಿ ಸಾಹೇಬ್ರ," ಎಂದ ಮೈಬೂಬಸಾಬ. "ಅದಕ್ಕ ನಿಂತೀವಿ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಕೆಳಗೆ ನೀರಿನ ಸದ್ದಿತ್ತು. ಸಾಕಷ್ಟು ಹೊತ್ತಾದ ಮೇಲೆ, ಬೆಳಕು ಹೋದರೆ ಬಸ್ಸು ಹೊರಟೀತೆಂದೋ ಏನೋ, ಇನಾಮದಾರರು ದೀಪ ಆರಿಸಿದರು. ಏನೂ ಕಾಣದಾಯಿತು, ಬಸ್ಸು ಹೊರಡಲಿಲ್ಲ. ಕಾರು ಗುರುಗುಟ್ಟುತ್ತ, ತಡವರಿಸುತ್ತ, ಬಸ್ಸಿಗೂ ಸೇತುವೆಯ ಅಂಚಿಗೂ ನಡುವೆ ತೂರಿಕೊಳ್ಳತೊಡಗಿತು. ಅದರ ಗಾಲಿಯಿಂದ ಸಿಡಿದ ಕಲ್ಲೊಂದು ನೀರಿಗೆ ಬಿದ್ದದ್ದು ಕೇಳಿಸಿತು. ಕಾರೂ ಬೀಳಲಿ ಎಂದು ನಾನು ಮನಸಾರೆ ಬಯಸಿದೆ.

ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿದ. ಅಂಗೈಯಿಂದ ಬಸ್ಸಿನ ತಗಡನ್ನು ತಟ್ಟತೊಡಗಿದ, ಕಂಡಕ್ಟರುಗಳು ಗಾಡಿ ಹಿಂದಕ್ಕೆ ಬಿಡುವಾಗ ತಟ್ಟುವ ಹಾಗೆ. "ಬರ್ಲಿ... ಬರ್ಲಿ... ಈ ಕಡೆ ಒತ್ರಿ, ಇನ್ನೂ ಜಾಗ ಐತಿ... ಬರ್ಲಿ." ಆ ಕೈಯನ್ನು ಒಳಗೆ ಎಳೆಯಬೇಕೆಂದು ನನ್ನ ಕೈ ಮೇಲೆದ್ದಿತು. ತಗಡಿನ ಆ ಸದ್ದನ್ನು ಹಿಡಿದುಕೊಂಡು ಕಾರು ನಮ್ಮ ಕಾಲ ಕೆಳಗೆಂಬಂತೆ ನಿಧಾನವಾಗಿ ಸಾಗಿತು. ನಮ್ಮ ಬಸ್ಸು ಮುಗಿದಲ್ಲಿ ಹಿಂದಿನ ಬಸ್ಸಿನಿಂದ ಇನ್ನೊಂದು ಕೈ ತಟ್ಟತೊಡಗಿತು.