ಅಣ್ಣಾರ ವಿಮಾನ ತಯಾರಾಗೇತಿ

ನಮ್ಮಪ್ಪ ಗುರಲಿಂಗಪ್ಪ ವಾಯುಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ನಾನು ಹುಟ್ಟಿದೆ, ಓದಿದೆ, ವಿಜಯಪುರದ ಸಾಲಿಯೊಂದರಲ್ಲಿ ಕನ್ನಡ ಕಲಿಸುವ ಅಕ್ಕೋರೂ ಆದೆ. ಅಪ್ಪ ಮಾತ್ರ ಇನ್ನೂ ಕ್ಯಾನ್‌ಬೆರಾ ಬಾಂಬರ್ ವಿಮಾನದ ಕೆಳಗೇ ನಿಂತಿದ್ದಾನೆ. ಮನೆಗೆ ಯಾರೇ ಬರಲಿ, ಹಾಲು ಹಾಕುವವನೇ ಬರಲಿ, ಅದರ ಕಥೆ ಕೇಳದೆ ಹೊರಗೆ ಹೋಗುವಂತಿಲ್ಲ. ಹಾಲಿನವನು ಈಗ ಗೇಟಿನ ಹೊರಗೇ ಚೀಲ ನೇತುಹಾಕಿ ಓಡುತ್ತಾನೆ.

ಈ ಕಥೆಯಿಂದಲೇ ಅಪ್ಪ ತನ್ನ ಒಬ್ಬನೇ ತಮ್ಮನನ್ನು ಕಳೆದುಕೊಂಡ. ಭಾಗಪ್ಪ ಕಾಕಾ ಇರುವುದು ಬಬಲೇಶ್ವರದಲ್ಲಿ. ಅವನ ಮಗಳ ಮದುವೆಯ ಪಂಕ್ತಿಯಲ್ಲಿ ಅಪ್ಪ ಬೀಗರ ನಡುವೆ ಕೂತು ಬಾಂಬರ್ ಹಾರಿಸಲು ಶುರು ಮಾಡಿದ. ಬೀಗರು ಬಾಯಿ ತೆರೆದುಕೊಂಡು ಕೇಳುತ್ತ ಕೂತರು, ಎಲೆಯಲ್ಲಿ ಹೋಳಿಗೆ ಹಾಗೇ ಇತ್ತು, ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಂತರು. ಕಾಕಾನಿಗೆ ತಾಳ್ಮೆ ತಪ್ಪಿತು.

"ಬೀಗರ, ಊಟಾ ಮಾಡ್ರಿ ನೀವು. ಹಾರಿಸಿದವರು ಬ್ಯಾರೇದವರು. ನಮ್ಮಣ್ಣ ಅಲ್ಲಿ ಗಾಲಿಗೆ ಗಾಳಿ ತುಂಬತಿದ್ದ, ನಮ್ಮೂರ ಪಂಕ್ಚರ್ ಅಂಗಡಿಯವನಂಗ."

ಇದು ಸುಳ್ಳಲ್ಲ. ಅಪ್ಪನ ಕೆಲಸ ವಿಮಾನದ ಗಾಲಿಗಳನ್ನು ನೋಡಿಕೊಳ್ಳುವುದೇ ಆಗಿತ್ತು. ಆದರೆ ನಿಜವನ್ನು ಬೀಗರ ಮುಂದೆ ಹೇಳಬಾರದೆಂಬ ಬುದ್ಧಿ ನಮ್ಮ ಮನೆತನದ ಗಂಡಸರಿಗೆ ಯಾವತ್ತೂ ಇಲ್ಲ. ಅಪ್ಪ ಎದ್ದು ನಿಂತು, "ನೀ ಭಜನಿ ಹಾಡಿದ್ರ ದೇವರ ಎದ್ದು ಹೊರಗ ಹೋಗ್ತಾನ. ತಾಳ ಅಂದ್ರ ಏನಂತ ಗೊತ್ತೈತೇನ ನಿನಗ?" ಎಂದ. ಕಾಕಾ ಊರಿನ ಭಜನಾ ಮೇಳದ ಮುಖ್ಯಸ್ಥ. ಮುಖ ಕೆಂಪಾಗಿ ಅವನು ಕೂಗಿದ ಮಾತು ಇಡೀ ಮಂಟಪಕ್ಕೆ ಕೇಳಿಸಿತು:

"ಇನ್ನ ನಿನ್ನ ಮಾರಿ ನೋಡೂದಿಲ್ಲ. ನಿನ್ನ ವಿಮಾನಕ್ಕ ಹೆಗಲ ಕೊಡಾಕೂ ಬರೂದಿಲ್ಲ!"

ಬೇರೆ ಕಡೆಯವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಂದಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರಲ್ಲಿ ಕೂಡಿಸಿ, ಹಾರ ಹಾಕಿ, ಭಜನೆ ಮಾಡುತ್ತ ಹೆಗಲ ಮೇಲೆ ಹೊತ್ತೊಯ್ಯುತ್ತೇವೆ. ಅದಕ್ಕೂ ವಿಮಾನವೆಂದೇ ಹೆಸರು. ಕಾಕಾ ಆಡಿದ ಮಾತು ಆ ವಿಮಾನದ್ದು. ಅದಕ್ಕಿಂತ ಕೆಟ್ಟ ಮಾತು ಅಣ್ಣತಮ್ಮಂದಿರ ನಡುವೆ ಇಲ್ಲ.

ಅಲ್ಲಿಂದ ಮುಂದೆ ಹಬ್ಬಕ್ಕೂ ಹೋಗುವುದಿಲ್ಲ, ಬರುವುದಿಲ್ಲ. ಅಪ್ಪ ನನಗೇನೂ ಅನಿಸುವುದಿಲ್ಲ ಎನ್ನುತ್ತಿದ್ದ. ಆದರೆ ಗಾಂಧಿ ಚೌಕದ ಸಂತೆಯಲ್ಲಿ ಬಬಲೇಶ್ವರದವರು ಯಾರೇ ಸಿಗಲಿ, "ಭಾಗ್ಯಾನ ಕೆಮ್ಮು ಹೆಂಗೈತ್ರಿ?" ಎಂದು ತಮ್ಮನ ಬಗ್ಗೆ ಕೇಳದೆ ಬಿಡುತ್ತಿರಲಿಲ್ಲ. ಕೆಮ್ಮು ವಾಸಿಯಾಗಿದೆ ಎಂದರೆ ಖುಷಿಪಡುವ ಬದಲು, ನನಗೆ ಹೇಳಲೇ ಇಲ್ಲವಲ್ಲ ಎಂದು ಸಿಟ್ಟಾಗುತ್ತಿದ್ದ.

ಹೀಗಿರುವಾಗ ತಿಕೋಟಾದ ಲಾಡಲೇಸಾಬ ಬಾಂಬರ್ ಕೊಂಡ. ಅವನದು ಹಳೇ ಕಬ್ಬಿಣದ ವ್ಯಾಪಾರ. ಎಲ್ಲೋ ಹರಾಜಿನಲ್ಲಿ ತುಂಡು ತುಂಡಾಗಿ ಬಿದ್ದಿದ್ದ ಕ್ಯಾನ್‌ಬೆರಾ ಹಿಡಿದು, ಕರಗಿಸಲೆಂದೇ ಲಾರಿಗಳಲ್ಲಿ ಹೇರಿಕೊಂಡು ಬಂದ. "ಕಟರ್ ಹಚ್ಚಾಕ ಹೋದ್ನಿರಿ, ಕೈ ಏಳಲಿಲ್ಲ. ಅದು ನನ್ನ ನೋಡಿದಂಗಾತು" ಎಂದು ಅವನೇ ಹೇಳುತ್ತಾನೆ. ಒಣದ್ರಾಕ್ಷಿ ಮಾಡುವ ಖಾಲಿ ಶೆಡ್ಡಿನಲ್ಲಿ ಅದನ್ನಿಟ್ಟು ಜೋಡಿಸತೊಡಗಿದ. ಅವನ ಹೆಂಡತಿ ರೋಶನಬಿ ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಳು. ಸುದ್ದಿ ತಿಳಿದ ಅಪ್ಪ ಮರುದಿನವೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋದ. ಆಮೇಲೆ ಅದರ ಗಾಲಿಗಳಿಗೆ ಅವನೇ ಯಜಮಾನ.

ರೆಕ್ಕೆ ಕೂತು, ಬಣ್ಣ ಹಚ್ಚಿ, ಮೇಲಿನ ಗಾಜಿನ ಗುಮ್ಮಟ ಕೂರಿಸಿದ ವಾರ ಅಪ್ಪ ನನ್ನನ್ನು ಕರೆದು ಹೇಳಿದ.

"ಶೈಲಾ, ಭಾಗ್ಯಾ ಒಮ್ಮೆ ಬಂದು ಆ ಗಾಲಿ ನೋಡಬೇಕು ಬೇ. ಅವನ ಎದಿಮಟ ಬರತೈತಿ ಅದು. ನೋಡಿ ಏನರ ಅನ್ನಲಿ. ಬಯ್ಯಲಿ ಬೇಕಾರ. ನಾ ಹೋಗೂದರಾಗ ಅವನ ಕೂಡ ಒಮ್ಮೆ ಮಾತಾಡಬೇಕು."

"ನೀವ ಫೋನ್ ಮಾಡ್ರಿ" ಎಂದೆ.

"ನಾ ಯಾಕ ಮಾಡ್ಲಿ? ನಾ ದೊಡ್ಡಾವ."

ನೋಡಿ, ಆಸೆ ಅಷ್ಟು, ಸೊಕ್ಕು ಇಷ್ಟು. ನನಗೆ ತಲೆ ಕೆಟ್ಟುಹೋಯಿತು.

ರವಿವಾರ ವಿಮಾನದ ಪೂಜೆ. ಅಪ್ಪ, ಅವ್ವ ಗುರುಬಸವ್ವ ಇಬ್ಬರನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೊರಟೆ. ನೇರವಾಗಿ ತಿಕೋಟಾಕ್ಕೆ ಹೋದರೆ ಅದು ಅಪ್ಪನ ಪ್ರವಾಸ ಹೇಗಾದೀತು? ಮೊದಲು ಗೋಳಗುಮ್ಮಟದ ಹತ್ತಿರ ಜಹೀರ ಎಂಬಾತ ಆಟಿಕೆ ಅಂಗಡಿಯ ಮೇಲೆ ಎರಡು ಕೋಣೆಗಳಲ್ಲಿ ಇಟ್ಟಿರುವ ವಿಮಾನ ಮ್ಯೂಸಿಯಂ ನೋಡಬೇಕಂತೆ. ಅಲ್ಲಿ ಒಂದು ಹೆಲ್ಮೆಟ್, ಮುಳ್ಳಿಲ್ಲದ ನಾಲ್ಕಾರು ಮೀಟರು, ವಿಮಾನದ ಪಂಖ ಎಂದು ಬರೆದ ಒಂದು ಪಂಖ ಇದ್ದವು. ಆ ಪಂಖ ನಮ್ಮ ಸಾಲಿಯ ಸ್ಟಾಫ್ ರೂಮಿನದಕ್ಕಿಂತ ಸ್ವಲ್ಪವೇ ದೊಡ್ಡದು. ಮೂಲೆಯಲ್ಲಿ ಒಂದು ಗಾಲಿ ಇತ್ತು. ಅಪ್ಪ ಅದನ್ನು ಬೆರಳಿನಿಂದ ಒತ್ತಿ, "ಗಾಳಿ ಇಲ್ಲ" ಎಂದ.

"ಪ್ರದರ್ಶನಕ್ಕ ಇಟ್ಟದ್ದು ಕಾಕಾರ, ಅದಕ್ಕ್ಯಾಕ ಗಾಳಿ?" ಎಂದ ಜಹೀರ.

"ನಿನ್ನನ್ನ ಪ್ರದರ್ಶನಕ್ಕ ಇಟ್ರ ಉಸರ ಬ್ಯಾಡೇನ?"

ಪಕ್ಕದ ಸೈಕಲ್ ಅಂಗಡಿಯಿಂದ ಪಂಪು ಬರುವವರೆಗೂ ಅಪ್ಪ ಕದಲಲಿಲ್ಲ. ಅಲ್ಲಿಂದ ಭೂತನಾಳದ ಹಾದಿಯಲ್ಲಿ ಇನ್ನೊಂದು ಮ್ಯೂಸಿಯಂ ಇದೆಯೆಂದು ಹೋದರೆ, ಹೋಟೆಲಿನವನೊಬ್ಬ ಹಳೇ ವಿಮಾನದ ಮೂತಿ ತಂದಿಟ್ಟು ಅದರೊಳಗೆ ಚಹಾ ಮಾರುತ್ತಿದ್ದ. ಅಪ್ಪ ಅಲ್ಲೂ ಬಗ್ಗಿ ಗಾಲಿ ಹುಡುಕಿದ, ಇರಲಿಲ್ಲ. ಚಹಾ ಕುಡಿಯದೇ ಎದ್ದು ಬಂದ. ಅವ್ವ ಅವನ ಪಾಲಿನದನ್ನೂ ಕುಡಿದು ಬಂದಳು.

ತಿಕೋಟಾ ಮುಟ್ಟಿದಾಗ ಶೆಡ್ಡಿನ ಮುಂದೆ ಜನ ನೆರೆದಿತ್ತು. ಹೊಸ ಟ್ರ್ಯಾಕ್ಟರ್ ತಂದಾಗ ಮಾಡುವಂತೆ ಲಾಡಲೇಸಾಬ ಬಾಂಬರಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದ, ಮೂತಿಗೆ ಹಾರ ಹಾಕಿದ್ದ. ತೆಂಗಿನಕಾಯಿಯನ್ನು ಅಪ್ಪನ ಕೈಯಿಂದಲೇ ಒಡೆಸಿದರು. ಉಳಿದ ಹಾರವನ್ನು ಅಪ್ಪನ ಕೊರಳಿಗೆ ಹಾಕಿ, ಏಣಿ ಹಚ್ಚಿ, ನಾಲ್ಕು ಜನ ಹಿಂದಿನಿಂದ ತಳ್ಳಿ, ಪೈಲಟ್ ಕೂರುವ ಸೀಟಿನಲ್ಲಿ ಕೂಡಿಸಿದರು.

ಅಷ್ಟು ವರ್ಷದ ಸೇವೆಯಲ್ಲಿ ಅಪ್ಪ ಆ ಸೀಟಿನಲ್ಲಿ ಒಂದು ದಿನವೂ ಕೂತಿರಲಿಲ್ಲವಂತೆ. ಗಾಜಿನ ಒಳಗಿಂದ ಅವನು ನನ್ನನ್ನು ನೋಡಿ ನಕ್ಕ. ಆಮೇಲೆ ಅವನ ಕಣ್ಣು ರಸ್ತೆಯ ಕಡೆ ಹೋಯಿತು, ಬಬಲೇಶ್ವರದಿಂದ ಬರುವ ರಸ್ತೆಯ ಕಡೆ.

ಲಾಡಲೇಸಾಬ ನನ್ನ ಪಕ್ಕ ಬಂದು, "ಅಕ್ಕಾರ, ನಾ ಫೋನ್ ಹಚ್ಚತೇನಿ ತಡೀರಿ. ಭಾಗಪ್ಪಣ್ಣ ನನ್ನ ಮಾತು ತಗದಹಾಕೂದಿಲ್ಲ" ಎಂದ. ಜನರ ಗದ್ದಲದಲ್ಲಿ ಒಂದು ಕಿವಿಗೆ ಬೆರಳಿಟ್ಟುಕೊಂಡು, ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಮಾತಾಡಿದ.

"ಭಾಗಪ್ಪಣ್ಣಾರ, ನಾ ತಿಕೋಟಾದ ಲಾಡಲೇಸಾಬ್ರಿ. ನಿಮ್ಮ ಅಣ್ಣಾರ ವಿಮಾನ ತಯಾರಾಗೇತ್ರಿ... ಹೂಂನ್ರಿ, ಈಗ ಕುಂದರಿಸೇವಿ. ಹಾರಾನೂ ಹಾಕೇವಿ. ಮಂದಿ ಭಾಳ ಕೂಡೇತಿ. ಕಡೀತನಕ ನಿಮ್ಮ ಹೆಸರ ತಗಿತಿದ್ರು ನೋಡ್ರಿ. ಹಳೇದೆಲ್ಲಾ ಮರತಬಿಡ್ರಿ. ನಮ್ಮ ಶೆಡ್ಡಿಗೆ ಬಂದಬಿಡ್ರಿ ಲಗೂನ, ಮಾರಿ ತೋರಿಸ್ರಿ."

ಮಾತು ಮುಗಿಯುತ್ತಲೇ ಫೋನ್ ಕಟ್ಟಾಯಿತು. "ಮನಸ ಕರಗೇತ್ರಿ" ಎಂದ ಲಾಡಲೇಸಾಬ. ಎಷ್ಟು ಚೆಂದ ಮಾತಾಡಿದಿರಿ ಎಂದು ನಾನೂ ಹೊಗಳಿದೆ. ಹತ್ತನೇ ಇಯತ್ತೆಯ ಮಕ್ಕಳಿಗೆ ನಾನಾರ್ಥ ಪದಗಳನ್ನು ಕಲಿಸಿ ಕಲಿಸಿ ನಾಲಿಗೆ ಸವೆದವಳು ನಾನು, ನನಗಾದರೂ ಹೊಳೆಯಬಾರದಿತ್ತೇ!

ಬಿಸಿಲೇರಿತು. ಜನ ಊಟಕ್ಕೆ ಚದುರಿದರು. ಅಪ್ಪನನ್ನು ಇಳಿಯಲು ಕರೆದರೆ, "ಭಾಗ್ಯಾ ಬರ್ಲಿ, ಅವ ನನ್ನ ಇಲ್ಲೇ ನೋಡಬೇಕು" ಎಂದು ಹಟ ಹಿಡಿದ. ಕಾದು ಕಾದು ಗಾಜಿನ ಗುಮ್ಮಟದೊಳಗೆ ಹಾಗೇ ನಿದ್ದೆಹೋದ. ಅವ್ವ ಪಕ್ಕದ ಶೆಡ್ಡಿನಲ್ಲಿ ರೋಶನಬಿಯ ಜೊತೆ ಒಣದ್ರಾಕ್ಷಿ ಆರಿಸುತ್ತ, ಆರಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತ ಕೂತಿದ್ದಳು.

ಆಗ ಎರಡು ಟೆಂಪೋ ಬಂದು ನಿಂತವು. ಮೊದಲು ಇಳಿದವಳು ಭಾಗಪ್ಪ ಕಾಕಾನ ಹೆಂಡತಿ, ನಮ್ಮ ಕಾಕು. ಇಳಿದವಳೇ ಎದೆ ಬಡಿದುಕೊಂಡು, "ಯವ್ವಾ, ಹೆಂಗಾತ ಇದು!" ಎಂದು ರಾಗ ತೆಗೆದಳು. ಅವ್ವ ಓಡಿ ಬಂದಳು. ಕಾಕು ಹೀಗೆ ಅಳಬೇಕಾದರೆ ಬಬಲೇಶ್ವರದಲ್ಲಿ ಕಾಕಾನೇ ಹೋಗಿರಬೇಕು ಎಂದುಕೊಂಡು, ಬಾಯಲ್ಲಿ ದ್ರಾಕ್ಷಿ ಇಟ್ಟುಕೊಂಡೇ ಅವಳನ್ನು ತಬ್ಬಿ ಅಳತೊಡಗಿದಳು.

"ಎಂಥಾ ಮನಶಾ ಇದ್ದಾ ಯಕ್ಕಾ!"

"ಹೌದ ಬೇ, ಸಿಟ್ಟ ಒಂದ ಇತ್ತು, ಮನಸ ಬಂಗಾರ!"

ಒಬ್ಬಳ ಗಂಡನಿಗಾಗಿ ಇನ್ನೊಬ್ಬಳು ಹೀಗೆ ಮನಸಾರೆ ಅಳುತ್ತಿರುವಾಗ, ಎರಡನೇ ಟೆಂಪೋದಿಂದ ಭಜನಾ ಮೇಳ ತಾಳ, ಡೋಲಕ್ ಸಮೇತ ಇಳಿಯಿತು. ಕೊನೆಗೆ ಕಾಕಾ ಇಳಿದ. ಕಾಲಲ್ಲಿ ಚಪ್ಪಲಿ ಇಲ್ಲ, ಅಂಗಿಯ ಗುಂಡಿ ಒಂದಕ್ಕೊಂದು ಕೂಡಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಅಯ್ಯೋ ದೇವರೇ, ವಿಮಾನ!

"ಕಾಕಾ, ತಡೀರಿ" ಎಂದು ಹಿಂದೆ ಓಡಿದೆ. ಅವನಿಗೆ ಏನೂ ಕೇಳಿಸಲಿಲ್ಲ. ಶೆಡ್ಡಿನೊಳಗೆ ಕಾಲಿಟ್ಟು ತಲೆ ಎತ್ತಿದ. ಮೇಲೆ ಅಪ್ಪ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ, ಕತ್ತು ಸ್ವಲ್ಪ ವಾಲಿಸಿ, ನೆಟ್ಟಗೆ ಕೂತಿದ್ದ. ಕಾಕಾ ಮುಂದಿನ ಗಾಲಿಯ ಹತ್ತಿರ ಕುಸಿದುಬಿಟ್ಟ.

"ಅಣ್ಣಾ, ಬಾಯಿ ತಪ್ಪಿ ಅಂದ್ನೋ. ಒಂದ ಮಾತಿಗೆ ಇಷ್ಟ ದಿನ ಬಿಡತಾರೇನೋ? ನಾ ಬರಲಿಲ್ಲ ಅಂದ್ರ ನೀನರ ಬರಬಾರದಿತ್ತಾ? ಗಾಲಿಗೆ ಗಾಳಿ ತುಂಬಿದ್ರ ಏನಾತು? ಗಾಳಿ ಇಲ್ಲದ ಯಾವ ವಿಮಾನ ಎದ್ದೈತಿ?"

ಅಳುತ್ತಲೇ ಎದ್ದು, ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಬಾಂಬರಿನ ಹೊಟ್ಟೆಯ ಕೆಳಗೆ ಹೋಗಿ ಹೆಗಲು ಕೊಟ್ಟು ನಿಂತ. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ಮೇಳದವರು ಇದೇ ಸಮಯವೆಂದು ತಾಳ ಬಾರಿಸಿದರು.

ಮೇಲಿನ ಪಕ್ಕದ ಕಿಟಕಿ ತೆರೆಯಿತು.

"ಯಾರಲೇ ಅದು? ತಾಳ ತಪ್ಪಾಕತ್ತೈತಿ!"

ಡೋಲಕ್‌ನವನು ಡೋಲಕ್ ಬಿಟ್ಟು ಓಡಿದ. ಕಾಕು ಅವ್ವನನ್ನು ತಳ್ಳಿ ನಿಂತಳು. ಕಾಕಾ ಹೊಟ್ಟೆಯ ಕೆಳಗಿಂದ ನಿಧಾನವಾಗಿ ಹೊರಬಂದು ಮೇಲೆ ನೋಡಿದ.

"ಸತ್ತಿಲ್ಲೇನ ನೀ?"

"ಇಲ್ಲ. ನಿನ್ನ ದಾರಿ ಕಾಯಾಕತ್ತಿದ್ನಿ."

ಕಾಕಾನ ಮುಖದಲ್ಲಿ ಬಂದ ಸಂತೋಷ ಒಂದು ಗಳಿಗೆ ಮಾತ್ರ ಇತ್ತು. ಆಮೇಲೆ ಸಿಟ್ಟು, ಆಮೇಲೆ ನಾಚಿಕೆ. ಗದ್ದಲ ಕೇಳಿ ಮರಳಿ ಕೂಡಿದ್ದ ಜನ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡು ನಗುತ್ತಿದ್ದರು. "ನನ್ನ ಮಂಗ್ಯಾನ ಮಾಡಿದ್ರಿ ಎಲ್ಲಾರೂ ಕೂಡಿ" ಎಂದು ಅವನು ಟವೆಲ್ ಕೊಡವಿ ಟೆಂಪೋ ಕಡೆ ಹೊರಟ. ಲಾಡಲೇಸಾಬ ಕೈ ಮುಗಿದು ತನ್ನ ತಪ್ಪು ಹೇಳಿಕೊಂಡರೂ ನಿಲ್ಲಲಿಲ್ಲ. ಅಪ್ಪ ಮೇಲಿನಿಂದ ಕೂಗಿದ.

"ಭಾಗ್ಯಾ, ಮೊಣಕಾಲ ಹಿಡದಾವೋ. ಇಳಿಯಾಕ ಆಗವಲ್ಲದು."

ಲಾಡಲೇಸಾಬನ ಆಳುಗಳು ಏಣಿಯ ಕಡೆ ಓಡಿದರು. ಅಪ್ಪ, "ನೀವು ಯಾರೂ ಬರಬ್ಯಾಡ್ರಿ!" ಎಂದು ಗದರಿಸಿದ. ಕಾಕಾ ಬೆನ್ನು ತಿರುಗಿಸಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ. ಬಳಿಕ ಏನೋ ಬಯ್ಯುತ್ತ ವಾಪಸ್ಸು ಬಂದು, ಪಕ್ಕದ ಬಾಗಿಲಿನಿಂದ ಕಷ್ಟಪಟ್ಟು ತೂರಿ ಒಳಗೆ ಹೋದ. ಒಳಗೆ ಅಪ್ಪನ ಕಾಲ ಬಳಿ ಇದ್ದ ಸಣ್ಣ ಜಾಗದಲ್ಲಿ ಕುಕ್ಕರಿಸಿ, ಅವನ ಮೊಣಕಾಲನ್ನು ಎರಡೂ ಕೈಯಿಂದ ತಿಕ್ಕತೊಡಗಿದ. ನಾನು ಏಣಿ ಹತ್ತಿ ಕಿಟಕಿಯ ಹೊರಗೆ ನಿಂತಿದ್ದೆ.

"ಕೆಮ್ಮು ಹೆಂಗೈತಿ?" ಎಂದ ಅಪ್ಪ.

"ಅದರ ಚಿಂತಿ ನಿನಗ್ಯಾಕ? ನೀ ಇಳದ ಮ್ಯಾಲ ನಾ ನನ್ನ ಊರಿಗೆ ಹೋಗಾಂವ."

ಅಪ್ಪ ಸೀಟಿನ ಬೆಲ್ಟನ್ನು ಎಳೆದು ಬಿಗಿಯಾಗಿ ಕಟ್ಟಿಕೊಂಡ.

"ಹಂಗಾದ್ರ ನಾ ಇಳಿಯೂದಿಲ್ಲ" ಎಂದ.