ಚೀಟಿ ಹೊಸದು, ಒಳಗಿನ ಜೆಕ್ವೆರಿ ಹಳೇದು

ಹೊಸ ವರ್ಷದ ಹಬ್ಬ ಹತ್ತಿರ ಬಂದಿತ್ತು. ಕಡಲ ದಂಡೆಯ ಕೌಹು ಊರಿನ ಅಂಗಳಗಳಲ್ಲೆಲ್ಲ ಹಬ್ಬಕ್ಕೆ ಮಾರುವ ಮೀನಿನ ತತ್ತಿ ಬಿಸಿಲಿಗೆ ಒಣಗುತ್ತಿತ್ತು. ಯುಯೆಗುಯಿಯ ಸರಕನ್ನು ಮಾತ್ರ ಕೇಳುವವರಿಲ್ಲ. ಅವಳ ವೆಬ್ ಪುಟದಲ್ಲಿ ‘ಆರ್ಡರ್’ ಒತ್ತಿದವರೆಲ್ಲ ಯಾವುದೋ ಜೂಜಿನ ಪುಟಕ್ಕೆ ಹೋಗಿ ಬೀಳುತ್ತಿದ್ದರು. ಪ್ರತಿ ವರ್ಷ ಕೊಳ್ಳುವ ತೈಪೆಯ ಹೆಂಗಸು ಫೋನ್ ಮಾಡಿ, “ನೀನೂ ಮೋಸ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ” ಅಂದುಬಿಟ್ಟಳು. ಯುಯೆಗುಯಿಗೆ ಮೈಯೆಲ್ಲ ಉರಿದುಹೋಯಿತು.

ಪುಟ ಮಾಡಿಕೊಟ್ಟವನು ಮೈದುನ ಚುಂಗ್‌ಹೆನ್. ಅವನು ಆರಾಮಾಗಿ ಚಹಾ ಹೀರುತ್ತ ಕೂತಿದ್ದ.

“ಪುಟದಲ್ಲಿ ಏನೂ ತಪ್ಪಿಲ್ಲ ಅತ್ತಿಗೆ. ಅವ್ರ ಫೋನೇ ಕೆಟ್ಟಿರ್ಬೇಕು.”

“ಎಲ್ಲಾರ ಫೋನೂ ಒಟ್ಟಿಗೇ ಕೆಡ್ತಾವೇನೋ?”

ಮೀನುಗಾರರ ಸಂಘದ ಪುಟ ನೋಡಿಕೊಳ್ಳುವ ಪಕ್ಕದ ಮನೆಯ ಹ್ವೇರು ಲ್ಯಾಪ್‌ಟಾಪ್ ಹಿಡಿದು ಬಂದಳು. “ಚುಂಗ್‌ಹೆನ್, ಇದಕ್ಕೆ ಯಾವ ಜೆಕ್ವೆರಿ ಹಾಕಿದೀಯ?”

“ಹೊಸದೇ. ಫೈಲಿನ ಹೆಸರಲ್ಲೇ ಇದೆ ನೋಡು, 3.7.1.”

“ಏನಮ್ಮಾ ಅದು?” ಯುಯೆಗುಯಿ ಕೇಳಿದಳು.

“ಬೇರೆಯವ್ರು ಬರೆದಿಟ್ಟಿರೋ ಸಿದ್ಧ ಕೋಡ್ ಅಕ್ಕ, ಲೈಬ್ರರಿ ಅಂತೀವಿ. ಪುಟ ಮಾಡೋರು ತಂದು ಹಾಕ್ಕೋತಾರೆ. ಹಳೇ ಆವೃತ್ತಿಲಿ ತೂತಿರತ್ತೆ, ಅದು ಕಳ್ಳರಿಗೆ ಚೆನ್ನಾಗಿ ಗೊತ್ತು. ಫೈಲಿನ ಹೆಸರು ನಂಬೋದು ಬೇಡ, ಪುಟವನ್ನೇ ಕೇಳೋಣ.”

ಹ್ವೇರು ಪುಟ ತೆರೆದು ಎಫ್12 ಒತ್ತಿದಳು. ‘ಕನ್ಸೋಲ್’ ಎಂಬಲ್ಲಿ ಆವೃತ್ತಿ ಕೇಳುವ ಸಾಲನ್ನು, jQuery.fn.jquery ಎಂದು, ಬರೆದು ಎಂಟರ್ ಒತ್ತಿದಳು. ಉತ್ತರ ಬಂತು: 1.8.3.

ಚುಂಗ್‌ಹೆನ್ ಬಟ್ಟಲು ಕೆಳಗಿಟ್ಟ. “ಹಳೇದು ಅಂತ ಎಚ್ಚರಿಕೆ ಬರ್ತಿತ್ತು. ಹೊಸದು ಹಾಕಿದ್ರೆ ಪುಟದ ಮೇಲೆ ಫೋಟೋಗಳು ಒಂದರ ಹಿಂದೊಂದು ಓಡೋದು ನಿಂತುಹೋಗ್ತಿತ್ತು. ಅದಕ್ಕೇ ಹಳೇ ಫೈಲಿನ ಹೆಸರು ಮಾತ್ರ ಬದಲಾಯಿಸ್ದೆ.”

ಯುಯೆಗುಯಿ ಸಿಡಿದಳು: “ಹೋದ ವರ್ಷದ ತತ್ತಿಗೆ ಈ ವರ್ಷದ ಚೀಟಿ ಅಂಟಿಸಿದೋನನ್ನ ಈ ಊರಲ್ಲಿ ಏನಂತಾರೆ ಗೊತ್ತಲ್ಲ? ನಾನು ಒಂದು ದಿನಾನೂ ಆ ಹೊಲಸು ಕೆಲ್ಸ ಮಾಡಿಲ್ಲ. ನನ್ನ ಹೆಸರಲ್ಲಿ ನೀನು ಮಾಡಿದೀಯಲ್ಲೋ, ನಾಚಿಕೆ ಆಗಲ್ವ? ನಿನ್ನ ಫೋಟೋ ಓಡ್ಲಿ ಅಂತ ನನ್ನ ಗಿರಾಕಿಗಳನ್ನೇ ಓಡಿಸಿದೆ.”

ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗದಲ್ಲಿ ಯಾರೋ ಕಳ್ಳರು ಆ ಹಳೇ ತೂತಿನಿಂದ, ಜೂಜಿನ ಪುಟಕ್ಕೆ ಒಯ್ಯುವ ಕೋಡಿನ ಸಾಲೊಂದನ್ನು ತೂರಿಸಿದ್ದರು. ಹ್ವೇರು ಅದನ್ನು ತೋರಿಸಿದಳು, ಚುಂಗ್‌ಹೆನ್ ತಾನೇ ಅಳಿಸಿದ. ಫೋಟೋ ಓಡುವುದು ನಿಂತರೆ ನಿಲ್ಲಲಿ ಎಂದು ಹೊಸ ಆವೃತ್ತಿಯನ್ನು ನಿಜವಾಗಿಯೇ ಹಾಕಿದ. ಯುಯೆಗುಯಿ ಈ ಸಲ ಒಂದೊಂದೇ ಅಕ್ಷರ ಹುಡುಕಿ ಅದೇ ಸಾಲನ್ನು ಕನ್ಸೋಲ್‌ನಲ್ಲಿ ತಾನೇ ಬರೆದು ಕೇಳಿದಳು. 3.7.1 ಎಂದು ಬಂತು. ಆಮೇಲೆ ಫೋನನ್ನು ಮೈದುನನ ಮುಂದಿಟ್ಟಳು.

“ಈಗ ಎಲ್ಲಾರ್ಗೂ ನೀನೇ ಹೇಳು, ತಪ್ಪು ಯಾರ್ದು ಅಂತ. ಮೊದ್ಲು ತೈಪೆಯವ್ರಿಗೆ.”

ನಿಮಗೂ ಒಂದು ವೆಬ್ ಪುಟ ಇದೆಯೇ? ಇವತ್ತೇ ತೆರೆದು, ಒಳಗಿನ ಲೈಬ್ರರಿ ಯಾವ ಆವೃತ್ತಿಯದು ಎಂದು ಕೇಳಿ. ಬೇರೆ ಲೈಬ್ರರಿಯಾದರೆ ಕೇಳುವ ಬಗೆಯೂ ಬೇರೆ. ಪುಟ ಮಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಕಣ್ಣೆದುರೇ ಕೇಳಿಸಿ. “ಹೊಸದೇ ಇದೆ” ಎಂಬ ಬಾಯಿಮಾತಿಗೆ ತಲೆಯಾಡಿಸಬೇಡಿ. ನಾಳೆ ಗಿರಾಕಿ ಮೋಸಗಾರ ಎಂದು ಕರೆಯುವುದು ನಿಮ್ಮನ್ನೇ.